ಮುಸ್ಕಾನಳನ್ನು ಕೊಟ್ಟು ಪ್ರಮಿಳಾಳನ್ನು ತರುವ ಮುನ್ನ

ಸಂಘದ ಅಧ್ಯಕ್ಷರೇ,

‘ಮಾನ್ಯರೇ’ ಎಂದು ಶುರು ಮಾಡಬೇಕೆಂದೇ ಕುಳಿತೆ. ಈ ವಾರ ಆ ಶಬ್ದ ನನ್ನ ಪೆನ್ನಿನಿಂದ ಇಳಿಯಲಿಲ್ಲ. ಪತ್ರ ಮುಗಿಯುವುದರೊಳಗೆ ಇಳಿದರೆ ಸೇರಿಸುತ್ತೇನೆ. ನೀವು ನಮ್ಮ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಇಪ್ಪತ್ತು ವರ್ಷದ ಮುಸ್ಕಾನಳನ್ನು ಕರಾವಳಿಯ ತಂಡಕ್ಕೆ ಕೊಟ್ಟು, ಅಲ್ಲಿಂದ ಮೂವತ್ತೇಳು ವರ್ಷದ ಪ್ರಮಿಳಾಳನ್ನು ತರಲು ಹೊರಟಿದ್ದೀರಿ. ಈ ವಿನಿಮಯ ತಪ್ಪು. ತಂಡದ ನಾಯಕಿಯಾಗಿ ಇದನ್ನು ನಿಮ್ಮೆದುರು ಕುಳಿತೇ ಹೇಳೋಣವೆಂದು ಕಚೇರಿಗೆ ಎರಡು ಸಲ ಬಂದೆ. ಎರಡೂ ಸಲ ನಿಮ್ಮ ಸಹಾಯಕರು, “ಸಾಹೇಬ್ರು ಮೀಟಿಂಗಿನ್ಯಾಗ ಅದಾರ್ರಿ, ಕುಂದರ್ರಿ” ಎಂದರು. ಕುಳಿತೆ. ಎದ್ದು ಬಂದೆ. ಹೀಗಾಗಿ ಊರಿನವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಇದನ್ನು ಓದಿದ ಕೂಡಲೇ ನೀವು ಏನನ್ನುತ್ತೀರಿ ಎಂಬುದೂ ಗೊತ್ತಿದೆ: “ಅನುಜಾಗ ಹೊಟ್ಟಿಕಿಚ್ಚು.” ನಿಮಗೆ ಆ ಶ್ರಮವೂ ಬೇಡ, ನಾನೇ ಒಪ್ಪಿಕೊಳ್ಳುತ್ತೇನೆ. ಹೌದು, ಪ್ರಮಿಳಾಳ ಮೇಲೆ ನನಗೆ ಅಸೂಯೆ ಇದೆ. ಹಳೆಯದು, ಚೆನ್ನಾಗಿ ಬೇರು ಬಿಟ್ಟದ್ದು. ಆದರೆ ಅಸೂಯೆಪಟ್ಟವರು ಹೇಳಿದ್ದೆಲ್ಲ ಸುಳ್ಳಾಗಬೇಕೆಂಬ ನಿಯಮ ನಮ್ಮ ಸಂಘದ ಕಾನೂನಿನಲ್ಲಿ ಎಲ್ಲಾದರೂ ಇದೆಯೇ? ಯಾರ ಮೇಲೆ ಹೊಟ್ಟೆಕಿಚ್ಚಿದೆಯೋ ಅವರ ಆಟವನ್ನು ನಾವು ನೋಡಿದಷ್ಟು ಎಚ್ಚರದಿಂದ ಅಭಿಮಾನಿಗಳೂ ನೋಡುವುದಿಲ್ಲ.

ನಾವಿಬ್ಬರೂ ಒಂದೇ ಬೇಸಿಗೆಯಲ್ಲಿ, ಅನಗೋಳದ ಮೈದಾನದಲ್ಲಿ, ಈರಣ್ಣ ಮಾಸ್ತರರ ಶಿಬಿರದಲ್ಲಿ ಚೆಂಡು ಹಿಡಿದವರು. ಅವಳ ಮನೆ ಅಲ್ಲೇ ಬಾಜೂ ಓಣಿಯಲ್ಲಿ. ನಾನು ಶಹಾಪುರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದೆ. ನಮ್ಮ ಅಪ್ಪ ಅಜಿತಕುಮಾರರ ಮಗ್ಗಗಳ ಸದ್ದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುತ್ತಿತ್ತು. ನಾನು ಪಾಸ್ ಕೊಡುತ್ತಿದ್ದೆ, ಅವಳು ರಿಂಗಿಗೆ ಹಾಕುತ್ತಿದ್ದಳು. ಜಿಲ್ಲಾ ತಂಡದಲ್ಲಿ ಹೀಗೇ, ವಿಶ್ವವಿದ್ಯಾಲಯದ ತಂಡದಲ್ಲಿ ಹೀಗೇ. ನಾವು ಮೊದಲ ಸಲ ರಾಜ್ಯಮಟ್ಟದಲ್ಲಿ ಗೆದ್ದಾಗ ಪತ್ರಿಕೆಯಲ್ಲಿ ದೊಡ್ಡ ಚಿತ್ರ ಬಂತು. ಪ್ರಮಿಳಾ ಗಾಳಿಯಲ್ಲಿ ತೇಲುತ್ತಿದ್ದಾಳೆ, ಚೆಂಡು ಅವಳ ಬೆರಳ ತುದಿಯಲ್ಲಿದೆ, ಎಡಗಡೆಯ ಅಂಚಿನಲ್ಲಿ ಯಾರದೋ ಒಂದು ಮೊಣಕೈ ಇದೆ. ಆ ಮೊಣಕೈ ನನ್ನದು. ನಮ್ಮ ಅವ್ವ ಚಂಪಾಬಾಯಿ ಆ ಚಿತ್ರ ಕತ್ತರಿಸಿ, ಮನೆಗೆ ಬಂದವರಿಗೆಲ್ಲ, “ಇದು ನಮ್ಮ ಅನುಜಾಂದು ನೋಡ್ರಿ” ಎಂದು ಬೆರಳಿಟ್ಟು ತೋರಿಸಿದಳು. ಬಂದವರು ಮೊಣಕೈಯನ್ನು ಹೊಗಳಿ ಚಹಾ ಕುಡಿದು ಹೋದರು.

ಅದಾದ ಮೇಲೆ ಅವಳಿಗೆ ರೈಲ್ವೆಯಲ್ಲಿ ನೌಕರಿ, ದೇಶದ ಜೆರ್ಸಿ, ವಿಮಾನದ ಓಡಾಟ. ನನಗೆ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯ ಕೆಲಸ ಮತ್ತು ನಿಮ್ಮ ಸಂಘದ ತಂಡ. ಅದರ ಬಗ್ಗೆ ದೂರಿಲ್ಲ. ಆದರೆ ಈ ಊರಿನಲ್ಲಿ ತರಕಾರಿ ಮಾರುವವರಿಂದ ಹಿಡಿದು ನಮ್ಮ ಮುಖ್ಯೋಪಾಧ್ಯಾಯಿನಿಯವರೆಗೆ ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ನೀವು ಪ್ರಮಿಳಾ ಜೋಡಿ ಆಡ್ತಿದ್ರಲ್ಲ?” ಆಡುತ್ತಿದ್ದೆ. ಈಗಲೂ ಆಡುತ್ತಿದ್ದೇನೆ, ಅವಳಿಲ್ಲದೆ. ಅದನ್ನು ಯಾರೂ ಕೇಳುವುದಿಲ್ಲ.

ಈಗ ವ್ಯವಹಾರಕ್ಕೆ ಬರೋಣ. ನೀವು ತರಲು ಹೊರಟಿರುವ ತಾರೆಯ ಎರಡೂ ಮೊಣಕಾಲುಗಳಿಗೆ ಶಸ್ತ್ರಚಿಕಿತ್ಸೆಯಾಗಿದೆ. ಕಳೆದ ಹಂಗಾಮಿನಲ್ಲಿ ಅವಳು ಆಡಿದ್ದಕ್ಕಿಂತ ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು. ಅವಳ ಸಂಭಾವನೆಯ ಎದುರು ನಮ್ಮ ಇಡೀ ತಂಡದ ಊಟ, ಪ್ರಯಾಣ, ಬೂಟು ಎಲ್ಲ ಕೂಡಿಸಿದರೂ ಸಣ್ಣದಾಗಿ ಕಾಣುತ್ತದೆ. ಲೀಗಿನ ನಿಯಮದಂತೆ ಅವಳ ತಂಡ ಒಪ್ಪಂದವನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಬದಲಿಗೆ ನಮ್ಮಿಂದ ಒಬ್ಬಳು ಹೋಗಬೇಕು. ಅವರು ಬೆರಳು ತೋರಿಸಿದ್ದು ಮುಸ್ಕಾನಳ ಕಡೆ. ನೀವು ತಲೆಯಾಡಿಸಿದಿರಿ. ಮುಂದಿನ ಹತ್ತು ವರ್ಷ ಆಡಬಲ್ಲವಳನ್ನು ಕೊಟ್ಟು, ಮುಂದಿನ ಹತ್ತು ಪಂದ್ಯ ಆಡುತ್ತಾಳೋ ಇಲ್ಲವೋ ಗೊತ್ತಿಲ್ಲದವಳನ್ನು ತರುವುದಕ್ಕೆ ದೂರದೃಷ್ಟಿ ಎನ್ನುವುದಾದರೆ ನಿಮ್ಮ ಕಣ್ಣಿನ ವೈದ್ಯರ ವಿಳಾಸ ನಮಗೂ ಕೊಡಿ. ‘ಪ್ರೇಕ್ಷಕರು ಬರುತ್ತಾರೆ’ ಎಂಬುದು ನಿಮ್ಮ ಸಮರ್ಥನೆ. ಬರುತ್ತಾರೆ, ನಿಜ. ರೈಲ್ವೆ ಗೇಟಿನ ಹತ್ತಿರ ಅವಳ ಆಳೆತ್ತರದ ಚಿತ್ರ ಈಗಾಗಲೇ ನಿಂತಿದೆ. ದಿನಾ ಶಾಲೆಗೆ ಹೋಗುವಾಗ ಅದರ ಕೆಳಗೆ ಸ್ಕೂಟಿ ನಿಲ್ಲಿಸಿಕೊಂಡು ರೈಲು ಹೋಗಲೆಂದು ಕಾಯುವ ಭಾಗ್ಯ ನನ್ನದು. ಆದರೆ ಚಿತ್ರ ನೋಡಲು ಬಂದ ಜನ ಮೂರನೆಯ ಸೋಲಿಗೂ ಬರುತ್ತಾರೆಯೇ?

ಮುಸ್ಕಾನ ಯಾರೆಂದು ನಿಮಗೆ ಗೊತ್ತಿದೆಯೇ? ಜೆರ್ಸಿಯ ಸಂಖ್ಯೆ ಗೊತ್ತಿರಬಹುದು. ಅವಳನ್ನು ನಾನು ಖಾನಾಪುರದ ತಾಲೂಕು ಪಂದ್ಯದಲ್ಲಿ ಮೊದಲು ನೋಡಿದೆ. ಬರಿಗಾಲಲ್ಲಿ ಆಡುತ್ತಿದ್ದಳು, ನಿಯಮ ಅರ್ಧ ಗೊತ್ತಿರಲಿಲ್ಲ, ಆದರೆ ಚೆಂಡು ರಿಂಗಿನಿಂದ ಹೊರಗೆ ಸಿಡಿಯುವ ಮೊದಲೇ ಅದು ಬೀಳುವ ಜಾಗಕ್ಕೆ ಹೋಗಿ ನಿಂತಿರುತ್ತಿದ್ದಳು. ಮರುದಿನವೇ ನಂದಗಡದ ಅವರ ಮನೆಗೆ ಹೋದೆ. ಅಪ್ಪ ಶಾಕಿರ ಸಂತೆಗಳಲ್ಲಿ ಪಾತ್ರೆ ಮಾರುವವರು, ಸಂಕೋಚದ ಮನುಷ್ಯ. ನಿರ್ಧಾರವೆಲ್ಲ ಮುಸ್ಕಾನ ‘ದಾದಿ’ ಎಂದು ಕರೆಯುವ ಅಜ್ಜಿ ಇಮಾಮಬೀಯವರದು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

“ಆಟ ಆಡಿ ಏನ್ ಮಾಡ್ತಾಳ್ರಿ ಟೀಚರ್?”

“ನೌಕರಿ ಸಿಗಬಹುದು ಅಜ್ಜಿ. ಸಿಗಲಿಲ್ಲಂದ್ರೂ ಕಾಲೇಜಿನ ಫೀ ಸಂಘದವರು ಕಟ್ತಾರ.”

“ಎಲ್ಲೆಲ್ಲಿಗೆ ಕರ್ಕೊಂಡ್ ಹೋಗ್ತೀರಿ?”

“ಪಂದ್ಯಕ್ಕ ಊರೂರು ಹೋಗೂದು ಇರ್ತದ, ನಾನ ಜೋಡಿ ಇರ್ತೀನಿ. ಉಳಿದ ದಿನ ಬೆಳಗಾವಿ. ಕಾಲೇಜು ಮುಗಿಯೂತನಾ ಅಕಿ ಸಂಜಿಗೆ ಮನಿಗೆ ಬರ್ತಾಳ.”

“ಹಾಂ. ಅದ ಮಾತ ಆತು ನೋಡ್ರಿ. ಮಾತ ನಿಮ್ಮದು, ಹುಡುಗಿ ನಮ್ಮದು,” ಎಂದು ಹೇಳಿ ನನ್ನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟರು.

ಅಂದಿನಿಂದ ಮುಸ್ಕಾನ ನಂದಗಡದಿಂದ ಟೆಂಪೊ ಹಿಡಿದು ಖಾನಾಪುರಕ್ಕೆ, ಅಲ್ಲಿಂದ ಬಸ್ಸೋ ರೈಲೋ ಸಿಕ್ಕಿದ್ದನ್ನು ಹಿಡಿದು ಬೆಳಗಾವಿಗೆ ಬರುತ್ತಾಳೆ. ಕಾಲೇಜು, ಅಭ್ಯಾಸ, ಮತ್ತೆ ಅದೇ ದಾರಿ. ಈಗ ಪದವಿಯ ಕೊನೆಯ ವರ್ಷ. ನೀವು ಸಹಿ ಹಾಕಲು ಹೊರಟಿರುವ ಕಾಗದ ಅವಳನ್ನು ಕಾಲೇಜಿನ ನಡುವಿನಿಂದ ಎತ್ತಿ ಸಮುದ್ರದ ದಂಡೆಯಲ್ಲಿ ಇಳಿಸುತ್ತದೆ. ಸೀರೆ ಅಂಗಡಿಯವರು ಕೂಡ ಬಣ್ಣ ಬದಲಿಸಿಕೊಡುವ ಮೊದಲು ಗಿರಾಕಿಯ ಮುಖ ನೋಡುತ್ತಾರೆ. ನೀವು ಅವಳನ್ನಾಗಲಿ ಅವಳ ಮನೆಯವರನ್ನಾಗಲಿ ಒಂದು ಮಾತು ಕೇಳಿದಿರಾ?

ಇಲ್ಲಿಯವರೆಗಿನದನ್ನು ನಾನು ಹೋದ ಶನಿವಾರವೇ ಬರೆದು ಮುಗಿಸಿದ್ದೆ. ಕೊನೆಯಲ್ಲಿ ‘ಪ್ರಮಿಳಾಳನ್ನು ತರಬೇಡಿ’ ಎಂಬ ಬೇಡಿಕೆ ಇತ್ತು. ಆ ಮೇಲೆ ಭಾನುವಾರ ಬಂತು.

ಭಾನುವಾರ ಖಾನಾಪುರದಲ್ಲಿ ನೀವೇ ಏರ್ಪಡಿಸಿದ ಪ್ರದರ್ಶನ ಪಂದ್ಯ. ಸಹಿಗೆ ಮೊದಲು ತಾರೆಯನ್ನು ಜನರಿಗೆ ತೋರಿಸುವ ಉದ್ದೇಶ. ಶಾಮಿಯಾನ, ಶಾಲು, ಹಾರ, ನಿಮ್ಮ ಭಾಷಣ. “ಬೆಳಗಾವಿಯ ಮಗಳು ಮನೆಗೆ ಮರಳುತ್ತಿದ್ದಾಳೆ” ಎಂದಿರಿ. ನಾವು ಉಳಿದ ಹೆಣ್ಣುಮಕ್ಕಳು ಇಷ್ಟು ವರ್ಷ ಎಲ್ಲಿ ಬಾಡಿಗೆಗೆ ಇದ್ದೆವೋ ತಿಳಿಯಲಿಲ್ಲ. ನಮ್ಮ ತಂಡವನ್ನೇ ಎರಡು ಭಾಗ ಮಾಡಿದಿರಿ. ಒಂದು ಕಡೆ ಪ್ರಮಿಳಾ, ಅವಳ ಜೊತೆ ಮುಸ್ಕಾನ. ಇನ್ನೊಂದು ಕಡೆ ನಾನು. ಜನ “ಪ್ರಮಿಳಾತಾಯಿ! ಪ್ರಮಿಳಾತಾಯಿ!” ಎಂದು ಕನ್ನಡದ ತಾಯಿಗೂ ಮರಾಠಿಯ ಅಕ್ಕನಿಗೂ ಸಲ್ಲುವಂತೆ ಕೂಗುತ್ತಿದ್ದರು.

ಅವಳನ್ನು ಕಾಯುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಅವಳನ್ನು ಓಡಿಸಿ ಬೀಳಿಸಬೇಕು, ಊರೆಲ್ಲ ನೋಡಬೇಕು, ನೀವು ಮೊದಲ ಸಾಲಿನಲ್ಲಿ ಕುಳಿತು ನೋಡಬೇಕು ಎಂಬುದು ನನ್ನ ಆಸೆ. ಓಡಿಸಿದೆ. ಈ ತುದಿಯಿಂದ ಆ ತುದಿಗೆ, ಎಡಕ್ಕೆ, ಬಲಕ್ಕೆ. ಮೊದಲಾರ್ಧ ಮುಗಿಯುವಾಗ ಅವಳು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಿದ್ದಳು, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾನು ಅವಳ ತಲೆಯ ಮೇಲಿಂದ ಚೆಂಡು ಹಾಕಿದಾಗ ಇಡೀ ಶಾಮಿಯಾನ ಸುಮ್ಮನಾಯಿತು. ಅಧ್ಯಕ್ಷರೇ, ಆ ಮೌನದಂಥ ಸಿಹಿ ವಸ್ತು ನಮ್ಮ ಕುಂದಾ ಅಂಗಡಿಗಳಲ್ಲೂ ಸಿಗುವುದಿಲ್ಲ.

ಎರಡನೆಯ ಅರ್ಧದಲ್ಲಿ ಅವಳು ಓಡುವುದನ್ನೇ ನಿಲ್ಲಿಸಿದಳು. ಅಂಕಣದ ಮಧ್ಯದಲ್ಲಿ, ಖಾನಾಪುರ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವಳಂತೆ, ನಿಂತುಬಿಟ್ಟಳು. ನಾನು ಮನಸ್ಸಿನಲ್ಲೇ ‘ಮುಗೀತು’ ಅಂದುಕೊಂಡೆ. ಆಗ ಅವಳು ಮುಸ್ಕಾನಳಿಗೆ ಒಂದು ಮಾತು ಹೇಳಿದಳು; ಪಕ್ಕದಲ್ಲೇ ಇದ್ದದ್ದರಿಂದ ಕೇಳಿಸಿತು.

“ನನ್ನ ಕಡಿಗೆ ನೋಡಬ್ಯಾಡ. ನೀ ಓಡು. ಚೆಂಡ್ ಬರತೈತಿ.”

ಮುಸ್ಕಾನ ಓಡಿದಳು. ಪ್ರಮಿಳಾ ಅವಳತ್ತ ತಿರುಗದೆಯೇ, ಯಾರೂ ಇಲ್ಲದ ಕಡೆಗೆ ಚೆಂಡನ್ನು ಎಸೆದಳು. ತಪ್ಪಿ ಹೋಯಿತೆಂದು ನಾನು ನಗುವಷ್ಟರಲ್ಲಿ ಆ ಖಾಲಿ ಜಾಗದಲ್ಲಿ ಮುಸ್ಕಾನ ಇದ್ದಳು. ಚೆಂಡು ರಿಂಗಿನೊಳಗೆ ಹೋಯಿತು. ಮತ್ತೆ ಹಾಗೇ ಆಯಿತು, ಅದರ ನಂತರವೂ ಹಾಗೇ. ನಾನು ಮುಸ್ಕಾನಳನ್ನು ಕರೆತಂದ ದಿನದಿಂದ ಅವಳಿಗೆ ಕೂಗಿ ಹೇಳುತ್ತ ಬಂದಿರುವುದು ‘ನಿಧಾನ, ನಿಧಾನ’ ಎಂದು. ನನ್ನ ಪಾಸ್ ಅವಳ ವೇಗಕ್ಕೆ ಮುಟ್ಟುತ್ತಿರಲಿಲ್ಲ, ಅದಕ್ಕೆ ಅವಳನ್ನೇ ನಿಧಾನ ಮಾಡುತ್ತಿದ್ದೆ. ಇವಳು ಒಂದು ಮಧ್ಯಾಹ್ನದಲ್ಲಿ ಆ ಹುಡುಗಿಯ ಕಡಿವಾಣ ಬಿಚ್ಚಿಬಿಟ್ಟಳು. ಪಂದ್ಯ ಮುಗಿದಾಗ ನಾವು ಸೋತಿದ್ದೆವು. ಸೋಲು ನನಗೆ ಹೊಸದಲ್ಲ. ಮುಸ್ಕಾನ ಪ್ರಮಿಳಾಳನ್ನು ನೋಡುತ್ತಿದ್ದ ರೀತಿ ಹೊಸದು. ನನ್ನನ್ನು ಅವಳು ಗೌರವದಿಂದ ನೋಡುತ್ತಾಳೆ, ಪ್ರೀತಿಯಿಂದಲೂ ನೋಡುತ್ತಾಳೆ. ಹಾಗೆ ಒಂದು ದಿನವೂ ನೋಡಿಲ್ಲ.

ಜೆರ್ಸಿ, ನೌಕರಿ, ವಿಮಾನ ಎಲ್ಲವನ್ನೂ ಪ್ರಮಿಳಾ ತೆಗೆದುಕೊಂಡಾಗ ನನಗಾದದ್ದು ಇದರ ಮುಂದೆ ಏನೂ ಅಲ್ಲ.

ಪಂದ್ಯದ ನಂತರ ನೀವು ಗಣ್ಯರೊಂದಿಗೆ ಊಟಕ್ಕೆ ಹೋದಿರಿ. ಪ್ರಮಿಳಾ ಬರಲಿಲ್ಲವೆಂದು ನಿಮಗೆ ಬೇಸರವಾಯಿತಂತೆ. ಅವಳು ನನ್ನ ಜೊತೆ ಸ್ಟ್ಯಾಂಡಿನ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತಿದ್ದಳು, ಎರಡೂ ಮೊಣಕಾಲಿಗೆ ಐಸ್ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು.

“ಆ ಹುಡುಗೀನ್ನ ಎಲ್ಲಿಂದ ಹುಡಿಕ್ಯಾಡಿ ತಂದಿಯೇ, ಅನು?” ಎಂದಳು.

“ನಂದಗಡದಿಂದ. ಯಾಕ, ಅಕೀನೂ ಬೇಕೇನು ನಿನಗ?”

ಅವಳು ನನ್ನ ಮಾತಿನ ಮುಳ್ಳನ್ನು ಗಮನಿಸಿದಳೋ ಇಲ್ಲವೋ. “ಖರೇ ಹೇಳ್ತೀನಿ, ನನ್ನ ಮೊಣಕಾಲು ಮುಗದಾವು. ಊರಾಗ ಒಂದ ಹಂಗಾಮು ಆಡಿ ಬಿಟ್ಟಬಿಡೂಣು ಅಂತ ಬರಾಕತ್ತಿದ್ದೆ. ಇಂಥಾಕಿ ಜೋಡಿ ಆಡೂದು ಸಿಕ್ರ ಮತ್ತೇನ್ ಬೇಕು?”

“ಅಕಿ ಜೋಡಿ ಹೆಂಗ ಆಡ್ತಿ? ನೀ ಬರಬೇಕಂದ್ರ ಅಕಿ ಹೋಗಬೇಕು.”

ಚಹಾದ ಲೋಟ ಅವಳ ತುಟಿಯ ಹತ್ತಿರವೇ ನಿಂತಿತು. “ಯಾರ್ ಹೇಳಿದ್ರು?”

“ಎಲ್ಲಾರಿಗೂ ಗೊತ್ತೈತಿ. ನಿನ್ನ ಬದಲಿಗೆ ಅಕಿ.”

“ನನಗ ‘ಬೆಂಚಿನ ಮ್ಯಾಗಿನ ಯಾರೋ ಒಬ್ಬಾಕಿ’ ಅಂದಿದ್ರು.” ಲೋಟ ಕೆಳಗಿಟ್ಟಳು. “ಹಂಗಾದ್ರ ನಾ ಬರೂದಿಲ್ಲ, ಅನು. ನಾಳಿ ಫೋನ್ ಮಾಡಿ ಹೇಳ್ತೀನಿ.”

ನಾನು ಕುಣಿಯಬೇಕಿತ್ತು. ನನ್ನ ಪತ್ರದ ಬೇಡಿಕೆ ಪತ್ರ ಅಚ್ಚಾಗುವ ಮೊದಲೇ ಈಡೇರಿತ್ತು. ಆದರೆ ನನಗೆ ಬಂದದ್ದು ಸಿಟ್ಟು. ಆಟದಲ್ಲಿ ಮುಂದೆ, ಹೆಸರಿನಲ್ಲಿ ಮುಂದೆ, ಈಗ ಒಳ್ಳೆಯತನದಲ್ಲೂ ಇವಳೇ ಮುಂದೆ ಹೋಗಬೇಕೇ?

ನಮ್ಮ ಹಿಂದೆ ಮುಸ್ಕಾನ ನಿಂತಿದ್ದಳು. ನಂದಗಡದ ಟೆಂಪೊ ಹಿಡಿಯುವ ಮೊದಲು ಪ್ರಮಿಳಾಳ ಜೊತೆ ಫೋಟೊ ತೆಗೆಸಿಕೊಳ್ಳಲು ಬಂದವಳು, ಎಲ್ಲ ಕೇಳಿಸಿಕೊಂಡಿದ್ದಳು. ತನ್ನ ಹೆಸರು ವಿನಿಮಯದಲ್ಲಿದೆ ಎಂಬ ಸುದ್ದಿ ಅವಳಿಗೆ ಗೊತ್ತಿತ್ತು, ನನ್ನೆದುರು ಬಾಯಿಬಿಟ್ಟಿರಲಿಲ್ಲ. ಈಗ ಬಿಟ್ಟಳು.

“ಅಕ್ಕಾ, ನಾ ಒಂದ ಮಾತ ಹೇಳ್ಲಿ? ನನಗ ಬ್ಯಾರೆ ಊರಿಗೆ ಹೋಗಾಕ ಅಂಜಿಕಿ ಇಲ್ಲ. ಡಿಗ್ರಿ ಮುಗಿದ ಮ್ಯಾಲ ಎಲ್ಲಿಗೆ ಬೇಕಾದ್ರೂ ಹೋಗ್ತೀನಿ, ದಾದೀನ್ನೂ ಒಪ್ಪಿಸ್ತೀನಿ. ಈಗ ಕಳಿಸಿದ್ರ ಮನ್ಯಾಗ ಆಟಾನ ಬಿಡಿಸ್ತಾರ. ಆದ್ರ ಅದಲ್ಲ ನನ್ನ ಸಿಟ್ಟು.”

“ಮತ್ತೇನು?” ಎಂದೆ.

“ಪ್ರಮಿಳಾ ಅಕ್ಕಾ ಈ ಕಡೆ ಬರೂದು, ನಾ ಆ ಕಡೆ ಹೋಗೂದು. ಇಲ್ಲಾಂದ್ರ ನಾ ಇಲ್ಲೇ ಇರೂದು, ಅವರು ಬರದ ಇರೂದು. ಎರಡರಾಗ ಯಾವ್ದಾದ್ರೂ ನನಗೇನ್ ಸಿಕ್ಕಂಗಾತು? ಇವತ್ತಿನಂಗ ನಾ ಯಾವತ್ತೂ ಆಡಿಲ್ಲಕ್ಕಾ.”

ಇದನ್ನು ಹೇಳುವಾಗ ಅವಳ ಕಣ್ಣು ತುಂಬಿತ್ತು. ಟೆಂಪೊದವ ಹಾರ್ನ್ ಹೊಡೆದ. ಫೋಟೊ ತೆಗೆಸಿಕೊಳ್ಳದೆಯೇ ಹೋಗಿ ಹತ್ತಿದಳು. ಪ್ರಮಿಳಾ ಕರಗಿದ ಐಸಿನ ಚೀಲ ಬಿಚ್ಚಿದಳು. ಬೆಳಗಾವಿಯವರೆಗೆ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಬಂದೆವು. ದೇಸೂರ ದಾಟುವಾಗ ಅವಳು ನಿದ್ದೆಹೋಗಿ ನನ್ನ ಭುಜಕ್ಕೆ ತಲೆ ಆನಿಸಿದಳು. ನಾನು ಸರಿಯಲಿಲ್ಲ, ಸರಿಯುವ ಮನಸ್ಸು ಇತ್ತು.

ಮರುದಿನ ಬೆಳಿಗ್ಗೆ, ಅವಳು ನಿಮಗೆ ಬರುವುದಿಲ್ಲವೆಂದು ಹೇಳುವ ಮುನ್ನ, ಒಂದು ದಿನ ತಡೆ ಎಂದು ಅವಳಿಗೆ ಹೇಳಿ, ನಾನು ಕರಾವಳಿ ತಂಡದ ತರಬೇತುಗಾರ್ತಿ ಐಶ್ವರ್ಯಾ ಅವರಿಗೆ ಫೋನ್ ಮಾಡಿದೆ. ಮುಸ್ಕಾನಳ ಬದಲು ನಾನು ಬರುತ್ತೇನೆ, ಆದೀತೇ ಎಂದು ಕೇಳಿದೆ.

“ಮುಸ್ಕಾನ್ ಸಿಕ್ಕಿದ್ರೆ ಒಳ್ಳೇದಿತ್ತು ಮಾರಾಯ್ರೆ,” ಎಂದರು.

“ಸಿಗೂದಿಲ್ಲ. ಪ್ರಮಿಳಾ ಆ ವಿನಿಮಯಕ್ಕ ಒಪ್ಪೂದಿಲ್ಲ. ನೀವು ಅಕೀನ್ನ ಬೆಂಚಿನ ಮ್ಯಾಲ ಕೂರಿಸಿ ಪೂರಾ ಹಂಗಾಮು ಸಂಬಳ ಕೊಡಬೇಕಾಗ್ತದ.”

“ಇಲ್ಲಿ ಎಲ್ಲ ಸಣ್ಣ ಹುಡುಗಿಯರು. ಪ್ರಮಿಳಾ ಹೋದ ಮೇಲೆ ಅವರನ್ನು ಹಿಡಿದು ನಿಲ್ಲಿಸ್ಲಿಕ್ಕೆ ಒಬ್ರು ಬೇಕು. ಆಯ್ತು. ನೀವಾದ್ರೂ ಆದೀತು.”

ನೀವಾದರೂ ಆದೀತು! ನನ್ನ ಇಡೀ ಕ್ರೀಡಾ ಜೀವನಕ್ಕೆ ಇಷ್ಟು ಚಿಕ್ಕ ಹೊಗಳಿಕೆಯನ್ನು ಯಾರೂ ಇಷ್ಟು ನಯವಾಗಿ ಕೊಟ್ಟಿರಲಿಲ್ಲ. ನಾನು ಧನ್ಯವಾದ ಹೇಳಿ ಫೋನ್ ಇಟ್ಟೆ. ಶಾಲೆಯಲ್ಲಿ ರಜೆಗೆ ಅರ್ಜಿ ಕೊಟ್ಟೆ, ಮಂಜೂರಾಯಿತು. ಇಮಾಮಬೀ ಅಜ್ಜಿಗೆ ಹೇಳಿದೆ, “ನೀವ್ ಹೋದ್ರ ಪಂದ್ಯಕ್ಕ ಅಕಿ ಜೋಡಿ ಯಾರ್ರಿ?” ಎಂದು ಕೇಳಿದರು. ಪ್ರಮಿಳಾ ಎಂದೆ. “ಅಕಿ ಒಳ್ಳೇಕೇನ್ರಿ?” ಎಂದರು. ಹಲ್ಲು ಕಚ್ಚಿಕೊಂಡು ಹೌದು ಎಂದೆ. ಅವ್ವನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಅಕಿ ಊರಿಗೆ ಬರ್ತಾಳಂತ ನೀ ಊರ ಬಿಡ್ತೀಯೇನ?” ಎಂದಳು. “ಹೂಂ” ಎಂದೆ. ಅದಕ್ಕಿಂತ ನಿಜವಾದ ಉತ್ತರ ನನ್ನ ಬಳಿ ಇರಲಿಲ್ಲ.

ದಯವಿಟ್ಟು ಇದನ್ನು ತ್ಯಾಗ ಎಂದು ಕರೆದು ಶಾಲು ಹೊದಿಸಬೇಡಿ. ಪ್ರಮಿಳಾ ನನ್ನ ಜಾಗದಲ್ಲಿ ಆಡುವುದನ್ನು, ಮುಸ್ಕಾನ ಅವಳ ಪಾಸಿಗೆ ಹಾರುವುದನ್ನು, ಬೆಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತ ನೋಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ದೂರದಲ್ಲಿದ್ದರೆ ಅಸೂಯೆಪಡಲು ಸ್ವಲ್ಪ ಅನುಕೂಲ.

ವಯಸ್ಸಾದ, ದುಬಾರಿಯ ತಾರೆಯನ್ನು ತರುವುದರಲ್ಲಿ ಅರ್ಥವಿದೆಯೇ ಎಂದು ಊರು ಚರ್ಚಿಸುತ್ತಿದೆಯಲ್ಲ, ನನ್ನ ಉತ್ತರ ಬದಲಾಗಿದೆ. ಅವಳನ್ನು ಓಡಿಸಲು ತಂದರೆ ಅರ್ಥವಿಲ್ಲ. ಅವಳ ಪಾಸಿಗೆ ಓಡಬಲ್ಲವಳೊಬ್ಬಳಿದ್ದರೆ ಅರ್ಥವಿದೆ. ಆ ಓಡುವವಳನ್ನೇ ಮಾರಿ ಎಸೆಯುವವಳನ್ನು ಕೊಂಡರೆ ಚೆಂಡು ಹಿಡಿಯುವುದು ಯಾರು? ನೀವೋ?

ಆದ್ದರಿಂದ ನನ್ನ ಬೇಡಿಕೆ. ಮುಸ್ಕಾನಳ ಹೆಸರನ್ನು ವಿನಿಮಯದಿಂದ ತೆಗೆದು ನನ್ನ ಹೆಸರು ಬರೆಯಿರಿ; ಕರಾವಳಿಯವರ ಒಪ್ಪಿಗೆ ನಿನ್ನೆ ಸಂಜೆ ನಿಮ್ಮ ಕಚೇರಿಗೆ ಬಂದು ಬಿದ್ದಿದೆ, ಹೀಗಾದರೆ ಬರುತ್ತೇನೆಂದು ಪ್ರಮಿಳಾಳೂ ಒಪ್ಪಿದ್ದಾಳೆ. ಪ್ರಮಿಳಾಳನ್ನು ಪ್ರತಿ ಪಂದ್ಯದಲ್ಲಿ ಸ್ವಲ್ಪ ಹೊತ್ತು ಮಾತ್ರ ಆಡಿಸಿ, ಆದರೆ ಮುಸ್ಕಾನ ಅಂಕಣದಲ್ಲಿರುವಾಗಲೇ ಆಡಿಸಿ. ಮುಂದೆ ಯಾವ ಹುಡುಗಿಯನ್ನು ಎಲ್ಲಿಗೆ ಕಳಿಸುವುದಿದ್ದರೂ ಮೊದಲು ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿ. ನಾಳೆ ನಾನು ನಿಮ್ಮ ಕಚೇರಿಗೆ ಬರುತ್ತೇನೆ. ಮೀಟಿಂಗ್ ಇದ್ದರೂ ಹೊರಗೆ ಬನ್ನಿ, ಮಾನ್ಯರೇ. ನನ್ನ ಸಹಿ ಆಗಿದೆ, ನಿಮ್ಮದೊಂದೇ ಬಾಕಿ.

ನಮ್ಮ ತಂಡ, ಅಂದರೆ ಇನ್ನು ಮೇಲೆ ನಿಮ್ಮ ತಂಡ, ಈ ಸಲ ಲೀಗ್ ಗೆಲ್ಲಲಿ. ನನ್ನ ಎದುರು ಆಡುವ ದಿನ ಒಂದು ಬಿಟ್ಟು.

ಇಂತಿ,
ನಿಮ್ಮ ಸಹಿಯವರೆಗೆ ಬೆಳಗಾವಿ ತಂಡದ ನಾಯಕಿ,
ಆಮೇಲೆ ‘ನೀವಾದರೂ ಆದೀತು’ ಎನಿಸಿಕೊಂಡವಳು,
ಅನುಜಾ, ಶಹಾಪುರ